ಹಾವಸೆಗೆ ಚೆಲ್ಲಿದ ಚರಗ

ನಾನು ಹೊಳೆಯಪ್ಪ ತಂದೆ ಕನಕಪ್ಪ ಬೂದಿಹಾಳ, ವಯಸ್ಸು ೫೪, ಉದ್ಯೋಗ ಒಕ್ಕಲುತನ, ಸಾಕಿನ್ ದೇವಿಕೊಪ್ಪ, ತಾಲೂಕು ಕಲಘಟಗಿ, ಜಿಲ್ಲೆ ಧಾರವಾಡ. ಈ ದಿನ ಬೆಳಿಗ್ಗೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಯಿಸುತ್ತಿರುವ ಸಂಗತಿ ಏನೆಂದರೆ:

ನಿನ್ನೆ ಶೀಗಿ ಹುಣ್ಣಿವೆಯ ದಿನ ನನ್ನ ಎತ್ತು ಹೊಲದಲ್ಲಿ ವಿಷವೇರಿ ಸತ್ತಿತು. ಬಾಜು ಹೊಲದ ಬುಡನಸಾಬನೇ ಕಡಬಿನಲ್ಲಿ ವಿಷವಿಟ್ಟು ತಿನ್ನಿಸಿದನೆಂದು ಊರಲ್ಲಿ ಮಾತು ಎದ್ದು, ಅವನನ್ನು ನಿನ್ನೆ ಸಂಜೆಯಿಂದ ಇಲ್ಲಿ ಕೂರಿಸಲಾಗಿದೆ. ಅವನು ಹಾಗೆ ಮಾಡಿಲ್ಲ. ಆ ಕಡಬು ನನ್ನ ಮನೆಯದು.

ಎರಡು ವರ್ಷದ ಹಿಂದೆ ಗ್ರಾಮಸೇವಕರು ನಮ್ಮೂರಿಗೆ ಬಂದು ಭತ್ತದ ಗದ್ದೆಗೆ ಪಾಚಿ ಗೊಬ್ಬರ ಬೆಳೆಯುವುದನ್ನು ತೋರಿಸಿಕೊಟ್ಟರು. ಕಾರವಾರದ ಕಡೆ ದಂಡೆಗೆ ಬಂದು ಬಿದ್ದ ಸಮುದ್ರದ ಪಾಚಿಯನ್ನು ತೆಂಗಿನ ಬುಡಕ್ಕೆ ಹಾಕುತ್ತಾರೆ, ನಮಗೆ ಸಮುದ್ರವಿಲ್ಲ, ಆದ್ದರಿಂದ ಕುಣಿಯಲ್ಲಿ ಬೆಳೆಯಬೇಕು ಎಂದರು. ಊರವರು ನಕ್ಕರು. ಕೆರೆಯಲ್ಲಿ ಕಾಲು ಜಾರಿಸುವ ಹಾವಸೆಯನ್ನು ಯಾರಾದರೂ ಬೆಳೆಯುತ್ತಾರೆಯೇ ಎಂದು ಕೇಳಿದರು. ನಾನು ಮತ್ತು ಬುಡನಸಾಬ ಕೂಡಿ ನಮ್ಮಿಬ್ಬರ ಬದುವಿನ ಹತ್ತಿರ ಕುಣಿ ತೋಡಿ, ಪ್ಲಾಸ್ಟಿಕ್ ಹಾಳೆ ಹಾಸಿ, ಮಣ್ಣು, ಗೊಬ್ಬರ, ಪಾಚಿಯ ಬೀಜದ ಪುಡಿ ಹಾಕಿ ಗೇಣುದ್ದ ನೀರು ನಿಲ್ಲಿಸಿದೆವು. ನೀರಿನ ಮೇಲೆ ಹಸಿರು ಕಟ್ಟಿದ ಮೇಲೆ ಆರಲು ಬಿಟ್ಟರೆ ಹಪ್ಪಳದಂತೆ ಏಳುತ್ತದೆ. ಅದನ್ನು ಚೀಲಕ್ಕೆ ತುಂಬಿಟ್ಟು ನಾಟಿಯಾದ ಗದ್ದೆಗೆ ಚೆಲ್ಲುತ್ತೇವೆ. ಈ ವರ್ಷ ಯೂರಿಯಾ ಅರ್ಧವೇ ಸಾಕಾಯಿತು, ಭತ್ತ ಸೊಂಪಾಗಿದೆ. ನಕ್ಕವರೇ ಈಗ ಬೀಜದ ಪುಡಿ ಕೇಳಲು ಬರುತ್ತಾರೆ.

ಬುಡನಸಾಬ ಆ ಕುಣಿಗಳಿಗೆ ಸಮುದ್ರ ಎಂದೇ ಹೆಸರಿಟ್ಟಿದ್ದ. ನನ್ನ ಹೆಂಡತಿ ಮೈಲಾರವ್ವ ಕೂಡ ದಿನಾ ಬುತ್ತಿ ಕಟ್ಟಿಕೊಂಡು "ಸಮುದ್ರಕ್ಕ ಹೋಗಿ ಬರ್ತೇನ್ರಿ" ಎಂದು ಹೇಳಿಯೇ ಮನೆ ಬಿಡುತ್ತಿದ್ದಳು. ನಮಗೆ ಮಕ್ಕಳಿಲ್ಲ. ಮಾಣಿಕ ಎಂಬ ಈ ಎತ್ತು ಹುಟ್ಟಿದ ವಾರದಲ್ಲಿಯೇ ತಾಯಿ ಸತ್ತಿತ್ತು. ಇವಳೇ ಬಿದಿರಿನ ಗೊಟ್ಟದಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು. ಅದು ಇವಳ ಕೈಯ ಕಡಬು ತಿನ್ನದೆ ಯಾವ ಹಬ್ಬವೂ ಆಗಿರಲಿಲ್ಲ.

ನಿನ್ನೆ ಬೆಳಿಗ್ಗೆ ಬುಡನಸಾಬ ಕುಣಿಗಳಿಗೆ ಹುಳ ಕೊಲ್ಲುವ ವಿಷದ ಎಣ್ಣೆ ಹಾಕಿದ. ಪಾಚಿ ತಿನ್ನುವ ನೀರಿನ ಹುಳ ಬಹಳವಾಗಿದ್ದವು, ಹಾಕದಿದ್ದರೆ ಬೆಳೆ ಹೋಗುತ್ತಿತ್ತು. ಹಾಕಿದ ಮೇಲೆ ದನ ಬರಬಾರದೆಂದು ಸುತ್ತಲೂ ಮುಳ್ಳುಕಂಟಿ ಹಚ್ಚಿದ. ಸುಮಾರು ಹನ್ನೊಂದಕ್ಕೆ ನಾನು ಮತ್ತು ಮೈಲಾರವ್ವ ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ, ಹೊಸ ಹಗ್ಗ ಹಾಕಿ, ಅಡಿಗೆಯ ಬುಟ್ಟಿ ಹೊತ್ತು ಹೊಲಕ್ಕೆ ಹೋದೆವು. ಆ ದಿನ ಭೂಮ್ತಾಯಿ ಬಸುರಿ. ಅವಳ ಬಯಕೆಯೆಂದು ಮಾಡಿದ ಅಡಿಗೆಯನ್ನು ಪ್ರತಿ ಬೆಳೆಯಲ್ಲಿಯೂ ಚೆಲ್ಲುತ್ತೇವೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ಮೈಲಾರವ್ವ ಭತ್ತಕ್ಕೆ ಚೆಲ್ಲಿದಳು, ಬದುವಿನ ಅವರೆಗೆ ಚೆಲ್ಲಿದಳು, ಆಮೇಲೆ ಕುಣಿಯ ಕಡೆ ನಡೆದಳು.

ಬುಡನಸಾಬ ಅವಳನ್ನು ತಡೆದು, "ಯಕ್ಕಾ, ಎಣ್ಣಿ ಹಾಕೇನಿ, ಅತ್ಲಾಗ ಹೋಗಬ್ಯಾಡ್ರಿ" ಎಂದ. ಅದಕ್ಕೆ ಅವಳು, "ದನಾ ಬಿಡೂದಿಲ್ಲೋ ತಮ್ಮಾ. ಎಲ್ಲಾ ಬೆಳಿಗೂ ಉಣಿಸಿ ಇದೊಂದನ್ನ ಉಪವಾಸ ಇಟ್ರ ಹೆಂಗ? ಇದೂ ಆಕೀ ಹೊಟ್ಟಿದ ಅಲ್ಲೇನು?" ಎಂದಳು. ಅವನಿಗೆ ಇಲ್ಲ ಎನ್ನಲಾಗಲಿಲ್ಲ. ತಾನೇ ಕಂಟಿ ಸರಿಸಿ ದಾರಿ ಮಾಡಿಕೊಟ್ಟ. ಅವಳು ಕಡಬು ಚೆಲ್ಲಿದಳು. ಅವನು ಕಂಟಿಯನ್ನು ಮತ್ತೆ ಎಳೆದಿಟ್ಟ. ಅವನು ಕಂಟಿ ಸರಿಸಿದ್ದನ್ನು ದೂರದ ಬದುವಿನಿಂದ ನಮ್ಮೂರ ಲಕ್ಷ್ಮಣಪ್ಪ ನೋಡಿ ಊರಲ್ಲಿ ಹೇಳಿದ್ದು ನಿಜ. ಆದರೆ ನಡುವೆ ಜೋಳ ಎತ್ತರ ನಿಂತಿತ್ತು, ಗಿಡ್ಡಗಿರುವ ನನ್ನ ಹೆಂಡತಿ ಅವನಿಗೆ ಕಂಡಿರಲಿಕ್ಕಿಲ್ಲ.

ಊಟವಾದ ಮೇಲೆ ನಾನು ಬನ್ನಿಗಿಡದ ನೆರಳಿಗೆ ಅಡ್ಡಾದೆ. ಎತ್ತುಗಳನ್ನು ಅದೇ ಗಿಡಕ್ಕೆ ಕಟ್ಟಿದ್ದೆ. ಹೊಸ ಹಗ್ಗದ ಗಂಟು ನಿಲ್ಲುವುದಿಲ್ಲವೆಂಬುದು ನನ್ನಪ್ಪನ ಕಾಲದಿಂದ ಗೊತ್ತಿರುವ ಮಾತು, ಆದರೂ ಹಬ್ಬದ ದಿನ ಹಳೆಯದನ್ನು ಹಾಕಲು ಮನಸ್ಸಾಗಲಿಲ್ಲ. ಗಂಟು ಬಿಚ್ಚಿಕೊಂಡಿತು. ಮೈಲಾರವ್ವ ಕೂಗಿದ್ದು ಕೇಳಿ ಎದ್ದು ಓಡಿದಾಗ ಮಾಣಿಕ ಕಂಟಿ ತುಳಿದು ಕುಣಿಯ ಅಂಚಿಗೆ ನಿಂತು, ನೀರಿನ ಮೇಲೆ ತೇಲುತ್ತಿದ್ದ ಕಡಬನ್ನು ಹಸಿರಿನ ಸಮೇತ ತಿನ್ನುತ್ತಿತ್ತು. ಬೇರೆ ಎತ್ತು ಆ ನಾತಕ್ಕೆ ಮೂತಿ ಹಾಕುತ್ತಿರಲಿಲ್ಲ. ಮಾಣಿಕನಿಗೆ ಅದು ಇವಳ ಕೈಯ ಕಡಬೆಂದು ಗೊತ್ತಾಗಿತ್ತು.

ಸ್ವಲ್ಪ ಹೊತ್ತಿನಲ್ಲಿ ಬಾಯಲ್ಲಿ ಜೊಲ್ಲು ಸುರಿದು, ಕಾಲು ನಡುಗಿ ಕೆಳಗೆ ಬಿತ್ತು. ಬುಡನಸಾಬ ಸೈಕಲ್ ಹತ್ತಿ ದನದ ಡಾಕ್ಟರರನ್ನು ಕರೆತರಲು ಹೋದ. ಅವರು ಬರುವುದರೊಳಗೆ ಮುಗಿದಿತ್ತು. ತಲೆ ಮೈಲಾರವ್ವನ ತೊಡೆಯ ಮೇಲಿತ್ತು. ಅವಳು ಕೋಡಿನ ಬಣ್ಣವನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು, ಬೇಡವೆಂದರೂ ಕೇಳಲಿಲ್ಲ.

ಡಾಕ್ಟರರು ಹೊಟ್ಟೆ ಕೊಯ್ದು ನೋಡಿ ಕಡಬು ಮತ್ತು ಎಣ್ಣೆ ಇದೆ ಎಂದರು. ಅದರಿಂದಲೇ ಈ ಮಾತು ಹುಟ್ಟಿತು. ಊರವರು ಕೇಳಿದಾಗ ಬುಡನಸಾಬ ತನಗೆ ಏನೂ ಗೊತ್ತಿಲ್ಲ ಎಂದಷ್ಟೇ ಹೇಳಿದ. ಅವನಿಗೆ ಎಲ್ಲವೂ ಗೊತ್ತಿತ್ತು. ಕಡಬು ಯಾರು ಚೆಲ್ಲಿದರೆಂದು ಹೇಳಿದರೆ ಅಳುತ್ತಿರುವ ಹೆಂಗಸಿನ ಮೇಲೆ ಬರುತ್ತದೆಂದು ಬಾಯಿ ಮುಚ್ಚಿಕೊಂಡ. ನಾನೂ ನಿನ್ನೆ ಅದೇ ಕಾರಣಕ್ಕೆ ಸುಮ್ಮನಿದ್ದೆ, ಅವನನ್ನು ಜೀಪಿಗೆ ಹತ್ತಿಸುವಾಗಲೂ.

ನಮ್ಮ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಈ ದಿನ ಬೆಳಗಾಗುತ್ತಲೇ ಬುಡನಸಾಬನ ಹೆಂಡತಿ ಜಮಾಲಬಿ ನಮಗೆ ರೊಟ್ಟಿ ತಂದಿಟ್ಟಳು. ಗಂಡನನ್ನು ಬಿಡಿಸಿರೆಂದು ಒಂದು ಮಾತೂ ಆಡಲಿಲ್ಲ. "ಯಕ್ಕಾ, ಒಂದ್ ತುತ್ತ ತಿನ್ರಿ" ಎಂದಷ್ಟೇ ಅಂದು ಹೋದಳು. ಮೈಲಾರವ್ವ ಆ ರೊಟ್ಟಿ ನೋಡುತ್ತ ಕುಳಿತು, ಕಡೆಗೆ ನನಗೆ, "ಎದ್ದು ಹೋಗ್ರಿ. ನನ್ನ ಹೆಸರು ಬರಸ್ರಿ. ಮಗನ್ನಂತೂ ನನ್ನ ಕೈಯಾರ ಕಳಕೊಂಡೆ, ಇನ್ನ ತಮ್ಮನ್ನೂ ಕಳಕೊಳ್ಳೂದೇನು?" ಎಂದಳು. ರೊಟ್ಟಿ ಮಾತ್ರ ಮುಟ್ಟಲಿಲ್ಲ. ಅವನು ಮನೆಗೆ ಬಂದ ಮೇಲೆ ತಿನ್ನುತ್ತೇನೆಂದು ಮುಚ್ಚಿಟ್ಟಿದ್ದಾಳೆ.

ನನಗೆ ಯಾರ ಮೇಲೂ ದೂರಿಲ್ಲ. ಮೇಲೆ ಬರೆದುದನ್ನು ಓದಿಸಿ ಕೇಳಿದೆ, ನಾನು ಹೇಳಿದಂತೆಯೇ ಇದೆ, ಸುಳ್ಳಿಲ್ಲ. ಇದರಲ್ಲಿ ನನ್ನ ಹೆಂಡತಿಯ ಹೆಸರು ಇರುವುದು ಅವಳು ಹೇಳಿದ್ದರಿಂದ. ಬುಡನಸಾಬನನ್ನು ನನ್ನ ಜೊತೆಯಲ್ಲಿಯೇ ಕಳಿಸಿಕೊಡಬೇಕು, ರೊಟ್ಟಿ ಆರುತ್ತಿವೆ.

ಸ್ಥಳ: ಕಲಘಟಗಿ
ದಿನಾಂಕ: ೨೬-೧೦-೧೯೮೮
ಸಹಿ: ಹೊಳೆಯಪ್ಪ ಕ. ಬೂದಿಹಾಳ