ಗೆರೆ ದಾಟದ ದೊಡ್ಡಾಕಿ

ಶರಣ ಬಂಧುಗಳೇ, ಹೋದ ವರ್ಷ ಇದೇ ಕಟ್ಟೆಯ ಮೇಲೆ ನಾನು ಪ್ರವಚನ ಹೇಳಿದಾಗ ಮೂರು ಊರಿನ ಎಮ್ಮೆಗಳು ಮೆಲುಕು ಹಾಕುವುದನ್ನು ಬಿಟ್ಟು ಕಣ್ಣೀರಿಟ್ಟವು. ಮಾರನೆಯ ದಿನ ಹಾಲು ಕರೆದರೆ ಸೀದಾ ಪೇಡೆಯೇ ಬಿತ್ತು. ನಗಬೇಡಿ. ತಿಂದವರು ಇಲ್ಲೇ ಕೂತಿದ್ದಾರೆ, ಸಂಕೋಚಕ್ಕೆ ಕೈ ಎತ್ತುತ್ತಿಲ್ಲ.

ಈಗ ಕೇಳಿ. ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ. ಎಂಥ ಶ್ರೀಮಂತ? ಅವನ ತಲಬಾಗಿಲು ಹೊಕ್ಕ ಬೀಗರು ಹಿತ್ತಲು ಮುಟ್ಟುವಷ್ಟರಲ್ಲಿ ಮುದುಕರಾಗುತ್ತಿದ್ದರು. ಅವನಿಗೊಬ್ಬಳೇ ಮಗಳು, ಹದಿಮೂರರವಳು. ಶಾಲೆಯ ಖೋಖೋ ತಂಡದಲ್ಲಿ ಅವಳು ಓಡಿದರೆ, ನೋಡಿ, ನೆರಳು ಹಿಂದೆ ಉಳಿದು ಏದುಸಿರು ಬಿಡುತ್ತಿತ್ತು. ಶನಿವಾರ ತಾಲೂಕಿನ ಪಂದ್ಯ. ಅದಕ್ಕೆಂದೇ ತಂದ ಹೊಸ ಬೂಟುಗಳು ಮಂಚದ ಕೆಳಗೆ ಕಾಯುತ್ತಿದ್ದವು.

ಅಷ್ಟರಲ್ಲಿ ಹುಡುಗಿ ಮೈನೆರೆದಳು. ಅಜ್ಜಿ ದೃಷ್ಟಿ ತೆಗೆದಳು. "ನಮ್ಮ ಕೂಸು ದೊಡ್ಡಾಕಿ ಆತು! ಇನ್ನ ಓಡೂದು, ಜಿಗಿಯೂದು ಸಾಕು ಯವ್ವಾ. ಶಾಣ್ಯಾಕಿ ಹಂಗ ಮೂಲ್ಯಾಗ ಕೂಡು."

"ಎಷ್ಟ ದಿನ, ಅಜ್ಜಿ?"

"ದೊಡ್ಡಾಕಿ ಆದಮ್ಯಾಲ ದಿನಾ ಎಣಸ್ತಾರೇನ?"

ಕೂತಳು. ಅಂಟಿನುಂಡಿ ಬಂತು, ಕೊಬ್ಬರಿ ಬೆಲ್ಲ ಬಂತು, ತುಪ್ಪದ ಹೊಳೆಯೇ ಹರಿದು ಬಂತು. ಎಲ್ಲ ಬಂತು, ಮೈದಾನವೊಂದು ಬರಲಿಲ್ಲ. ಮಧ್ಯಾಹ್ನದ ಜೊಂಪಿನಲ್ಲಿ ದೂರದ ಸೀಟಿ ಕೇಳಿಸುತ್ತಿತ್ತು. ಆಗ ಅವಳ ಕಾಲುಗಳು ಮೆಲ್ಲಗೆ ಅವಳನ್ನು ಬಿಟ್ಟೆದ್ದು, ಕಿಟಕಿಯ ಬೆಳಕಿನ ಪಟ್ಟಿಯ ಮೇಲೆ ಹೆಜ್ಜೆಯಿಟ್ಟು ಹೊರಟುಹೋಗುತ್ತಿದ್ದವು. ಮಣ್ಣು ತಂಪಾಗಿತ್ತು. ಕಂಬಗಳು ತೇಲುತ್ತಿದ್ದವು. ಬೆನ್ನಿಗೆ ಯಾರದೋ ಅಂಗೈ ತಾಗಿ "ಖೋ!" ಎಂದೊಡನೆ ಎಚ್ಚರ. ಕಾಲು ಜೋಮು ಹಿಡಿದಿರುತ್ತಿತ್ತು.

ಶನಿವಾರ ಮುಂಜಾನೆ ಅವಳು ಅಪ್ಪನನ್ನು ಬಾಗಿಲ ಚೌಕಟ್ಟಿನ ಹತ್ತಿರ ಎಳೆದು ತಂದಳು. ಪ್ರತಿ ಅಮಾವಾಸ್ಯೆಗೆ ಅವಳ ಎತ್ತರಕ್ಕೆ ಅಪ್ಪ ಪೆನ್ಸಿಲ್ ಗೆರೆ ಎಳೆಯುತ್ತಿದ್ದುದು ಅಲ್ಲೇ.

"ನಾ ದೊಡ್ಡಾಕಿ ಆಗೇನಂತಲ್ಲ ಅಪ್ಪಾ, ಅಳದು ನೋಡು."

ನೋಡಿದ. ಹೋದ ಅಮಾವಾಸ್ಯೆಯ ಗೆರೆಯೇ. ಕೂದಲೆಳೆಯಷ್ಟೂ ಹೆಚ್ಚಿಲ್ಲ.

"ಮತ್ತ ನಾ ಎಲ್ಲಿ ದೊಡ್ಡಾಕಿ ಆದೆ? ಮೊನ್ನೆ ಓಡಿದ ಕಾಲು ಇವ ಅಲ್ಲೇನು?"

ಶ್ರೀಮಂತನ ಕಣ್ಣು ತೆರೆಯಿತು. ಮಗಳನ್ನು ಹೆಗಲ ಮೇಲೆ ಹೊತ್ತು ಮೈದಾನಕ್ಕೆ ಓಡಿದ. ಅವಳೊಬ್ಬಳೇ ಎಪ್ಪತ್ತು ಮಂದಿಯನ್ನು ಔಟ್ ಮಾಡಿದಳು!

ತಾಯಂದಿರೇ, ತಂದೆಯರೇ, ಏನು ತಿಳಿಯಿತು? ಉಂಡಿ ಕೊಡಿ, ಬೇಡ ಎನ್ನುವುದಿಲ್ಲ. ಮೈದಾನವನ್ನೂ ಕೊಡಿ. ಬೆಳೆಯುವ ಎಲುಬು ಕೂತಲ್ಲೇ ಗಟ್ಟಿಯಾಗುತ್ತದೆಯೇ? ಮೈಯಲ್ಲಿ ಏನಾಗುತ್ತಿದೆ ಎಂಬುದನ್ನು ಮಗಳಿಗೆ ನಾಚದೆ ಹೇಳಿ. ನೋವಿದ್ದ ದಿನ ಮಲಗಲಿ, ಇಲ್ಲದ ದಿನ ಓಡಲಿ. ನಾಳೆಯಿಂದಲೇ...

ಯಾರದು ಮುಂದಿನ ಸಾಲಿನಲ್ಲಿ ಎದ್ದು ನಿಂತವರು? ಓಹೋ, ನನ್ನ ಮಗಳು ನೀಲಗಂಗಾ. ಏನವ್ವಾ?

"ಹೆಗಲ ಮ್ಯಾಲ ಯಾವಾಗ ಹೊತ್ತಿ, ಅಪ್ಪಾ? ಆ ಶನಿವಾರ ನೀ ನನ್ನ ಒಳಗ ಬಿಟ್ಟು ಬಾಗಲಾ ಮುಂದ ಮಾಡಿ ಪ್ರವಚನಕ್ಕ ಹೋದಿ. ಆ ಬೂಟು ಈಗ ನನಗ ಸಣ್ಣಾಗ್ಯಾವ."

ಬಂಧುಗಳೇ, ಎಮ್ಮೆ ಅಳಲಿಲ್ಲ. ಪೇಡೆ ಬೀಳಲಿಲ್ಲ. ಶ್ರೀಮಂತನೂ ಇರಲಿಲ್ಲ, ಎರಡು ಕೋಣೆಯ ಮನೆಯಲ್ಲಿ ನಾನಿದ್ದೆ. ಅಳೆದದ್ದು ನಿಜ, ಗೆರೆ ಸರಿಯದೆ ಇದ್ದದ್ದೂ ನಿಜ. ಆದರೂ "ಮುಂದಿನ ವರ್ಷ ನೋಡೂಣು" ಎಂದೆ. ಪಂದ್ಯ ಅವಳಿಲ್ಲದೆ ಮುಗಿಯಿತು.

ಪ್ರವಚನ ಇಲ್ಲಿಗೆ ಸಾಕು. ಪೇಟೆಯ ಬೂಟಿನ ಅಂಗಡಿ ಮುಚ್ಚುವ ಮೊದಲು ನಾನು ಹೋಗಬೇಕು. ನಿಮ್ಮ ಮನೆಯ ಮಂಚದ ಕೆಳಗೂ ಸಣ್ಣದಾದ ಬೂಟುಗಳಿದ್ದರೆ, ಮಗಳನ್ನು ಕರೆದುಕೊಂಡು ಏಳಿ, ಬನ್ನಿ.