ಮಸಿ ಆರುವ ತನಕ

ದಾಕ್ಷಾಯಣಮ್ಮನವರೇ, ಅರುಣಾ, ಸಿರುಗುಪ್ಪದಿಂದ, ಕುರುಗೋಡಿನಿಂದ ಈ ಬಿಸಿಲಲ್ಲಿ ಬಸ್ಸು ಹಿಡಿದು ಬಂದ ಬಂಧುಗಳೇ — ಎಲ್ಲರಿಗೂ ಶರಣು. ಕೂತ್ಕೊಳ್ರಿ, ಕೂತ್ಕೊಳ್ರಿ. ನಾನು ಮಾತುಗಾರನಲ್ಲ. ವೀರಭದ್ರನ ಎದುರು ಮೇಜಿನಲ್ಲಿ ಕೂತು ಅವನಂತೆಯೇ ಮಾನಪತ್ರ ಬರೆದವನು, ಅಷ್ಟೇ. ಈಗ ಆ ಖಾಲಿ ಮೇಜು ನೋಡಿ ನೋಡಿ ದಣಿದಿದ್ದೇನೆ.

ಅವನ ಅಕ್ಷರ ನೀವೆಲ್ಲ ನೋಡಿದ್ದೀರಿ. ಅವನು ನಿಬ್ಬು ಆರಿಸುವುದನ್ನು ನೋಡಿದವರು ಕಡಿಮೆ. ಉಕ್ಕಿನ ಚೂಪು ನಿಬ್ಬು — ತುದಿ ಸೀಳಿರುತ್ತದೆ. ಒತ್ತಿದರೆ ಬಿಚ್ಚಿಕೊಂಡು ಗೆರೆ ದಪ್ಪ. ಬಿಟ್ಟರೆ ಕೂಡಿ, ಕೂದಲೆಳೆ. ಅಂಗಡಿಯಲ್ಲಿ ಅವನು ಹೀಗೆ — ಹೆಬ್ಬೆರಳ ಉಗುರಿನ ಮೇಲೆ — ಒತ್ತಿ, ಬಿಟ್ಟು, ಬೆಳಕಿಗೆ ಹಿಡಿಯುತ್ತಿದ್ದ. "ಬಿಚ್ಚೋದು ಎಲ್ಲಾ ಬಿಚ್ತಾವು. ಕೂಡೋದನ್ನ ನೋಡು." ಸೀಳಿನಲ್ಲಿ ಬೆಳಕು ಉಳಿದರೆ ಆ ನಿಬ್ಬು ವಾಪಸ್.

ಅಂಗಡಿಯ ಜಡೆಪ್ಪ ಒಮ್ಮೆ ಬೇಸತ್ತು, "ಏನ್ರೀ, ಹೆಣ್ಣು ನೋಡಾಕ ಬಂದೀರೇನು?" ಅಂದ. ಅದನ್ನು ಮನೆಯಲ್ಲಿ ಹೇಳಿದಾಗ ದಾಕ್ಷಾಯಣಮ್ಮ — ಹೇಳಲೇನಮ್ಮ? — "ನನ್ನ ನೋಡಾಕ ಬಂದಾಗ ಚಾ ಕುಡಿಯೋದ್ರಾಗ ಮುಗಿಸಿದ್ರು" ಅಂದರು.

ಹೊಸ ನಿಬ್ಬಿಗೆ ಎಣ್ಣೆ ಸವರಿರುತ್ತಾರೆ. ಅದು ಹೋಗದೆ ಮಸಿ ಹಿಡಿಯದು. ಚಿಕ್ಕವಳಿದ್ದಾಗ ಮಗಳು ಅರುಣಾ ಅದನ್ನು ತೊಳೆಯುವ ಬದಲು ದೀಪಕ್ಕೆ ಹಿಡಿದಳು, ನೀಲಿಗಟ್ಟುವವರೆಗೂ ಹಿಡಿದಳು. ಆಮೇಲೆ ಒತ್ತಿದರೆ ಬಿಚ್ಚಿತು, ಕೂಡಲಿಲ್ಲ. ಅವನು ಬೈಯಲಿಲ್ಲ. "ಎಣ್ಣಿ ಹೋಗ್ಬೇಕವ್ವಾ, ಜೀವ ಹೋಗ್ಬಾರ್ದು" ಅಂದ. ಅವಳು ಮತ್ತೆ ನಿಬ್ಬು ಮುಟ್ಟಲಿಲ್ಲ.

ಲಕ್ವ ಹೊಡೆದ ಮೇಲೆ ಅವನ ಕೈ ನಡುಗುತ್ತಿತ್ತು. ಮೆತ್ತನೆಯ ನಿಬ್ಬು ನಡುಕವನ್ನೂ ಬರೆದುಬಿಡುತ್ತದೆ. ಅದಕ್ಕೇ ಗಡುಸಾದ್ದೊಂದು ಕೊಟ್ಟೆ. ಒಂದು ಹೆಸರು ಬರೆದ — ನೇರ, ಚೊಕ್ಕ. ನೋಡಿ ಕೆಳಗಿಟ್ಟ. "ಇದ್ರಾಗ ನಾ ಎಲ್ಲಿ ಅದೀನಿ?" ಅಂದ. ಮತ್ತೆ ತನ್ನ ಮೆತ್ತನೆಯದನ್ನೇ ಎತ್ತಿಕೊಂಡ.

ಮಣ್ಣು ಮಾಡುವ ಮುಂಚೆ ದಾಕ್ಷಾಯಣಮ್ಮ ಅವನ ಮೆತ್ತನೆಯ ನಿಬ್ಬನ್ನು ಅವನ ಅಂಗಿಯ ಜೇಬಿಗೆ ಹಾಕಿದರು. ಅರುಣಾ ತಡೆದಳು. "ಅವ್ವಾ, ಅದು ಇನ್ನಾ ಕೂಡ್ತೈತಿ."

"ಕೂಡಿದ್ರ? ನೀ ಬರಿಯಾಕಿ ಏನು?"

ಜನ ಕಾಯುತ್ತಿದ್ದರು. ಅವಳು ನಿಬ್ಬು ತೆಗೆದು, ಉಗುರಿನ ಮೇಲೆ ಒತ್ತಿ, ಬಿಟ್ಟು, ಬಿಸಿಲಿಗೆ ಹಿಡಿದು ತಾಯಿಗೆ ತೋರಿಸಿದಳು. ಸೀಳಿನಲ್ಲಿ ಬೆಳಕು ಉಳಿದಿರಲಿಲ್ಲ. "ಹಂಗಾದ್ರ ಅವ್ರ ಹೆಸರು ನೀನ ಬರಿ" ಅಂದರು.

ಅದಕ್ಕೇ ಈ ಫೋಟೋದ ಕೆಳಗೆ ಇನ್ನೂ ಹೆಸರಿಲ್ಲ. ಬೆಳಗಿನಿಂದ ಹಾಳೆ ಕೆಡಿಸುತ್ತಿದ್ದಾಳೆ. ಗೆರೆ ಮೇಲಕ್ಕೇರುವಾಗ ತುದಿ ಕಾಗದಕ್ಕೆ ಸಿಕ್ಕಿ ಮಸಿ ಸಿಡಿಯುತ್ತದೆ. "ನೀವ ಬರೀರಿ ಕಾಕಾ" ಅಂದಳು. ಒಲ್ಲೆ ಅಂದೆ. ನಾನು ಬರೆದರೆ ಚೊಕ್ಕ ಬಂದೀತು. ಚೊಕ್ಕ ಬಂದದ್ದನ್ನು ಅವನು ಏನು ಮಾಡಿದ ಅಂತ ಈಗಷ್ಟೇ ಹೇಳಿದೆನಲ್ಲ.

ನಮ್ಮ ಕೋಣೆಯಲ್ಲೊಂದು ಕಟ್ಟಳೆ ಇತ್ತು. ಬರೆಯುವಾಗ ಫ್ಯಾನ್ ಇಲ್ಲ. ಬರೆದದ್ದು ಒಣಗುವ ತನಕ ಮಾತಿಲ್ಲ. ಬಳ್ಳಾರಿಯ ಮೇ ತಿಂಗಳಲ್ಲೂ ಅಷ್ಟೇ.

ಮರಿಬಸಪ್ಪ, ಆ ಫ್ಯಾನ್ ಬಂದ್ ಮಾಡಪ್ಪ. ಅರುಣಾ — ಬಾರವ್ವಾ. ನಡುಗಿದ್ರ ನಡುಗ್ಲಿ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿರಿ. ಒಂದು ನಿಮಿಷದ ಮೌನ ಅಂತ ಗಡಿಯಾರ ನೋಡುವುದು ಬೇಡ. ಮಸಿ ಆರಲಿ.