ತವರಿಗೆ ಬಂದ ಮಗಳು

ಲಕಮನಹಳ್ಳಿ ಬಸ್ ನಿಲ್ದಾಣ. ನೆರೆಯಿಂದ ಊರು ಬಿಟ್ಟು ಬಂದು ತಗಡಿನ ಶೆಡ್ಡಿನಲ್ಲಿರುವ ಯಂಕವ್ವ, ನೆರವು ಕೊಡಿಸಲು ಇಂಥವರನ್ನು ಎಣಿಸುವ ಸುಜಾತಾ ಅವರ ಕೈ ಹಿಡಿದುಕೊಂಡಿದ್ದರು. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ನನಗೆ ಕೇಳಿಸಿದಷ್ಟೇ ಬರೆದಿದ್ದೇನೆ, ಒಂದೆರಡು ಮಾತು ತಪ್ಪಿರಬಹುದು.

"ಅಕ್ಕಾರ, ಎಣಿಸಾಕ ಬಂದಾಗ ನೀವು ಕೆದಕಿ ಕೇಳದಿದ್ರ ನನ್ನ ಮಗಳು ಉಳೀತಿರಲಿಲ್ಲರಿ."

"ದಿನ ತುಂಬಿದ ಬಸರಿ ಶೆಡ್ಡಿನೊಳಗ ಅದಾಳ ಅಂತ ನೀವರ ಯಾಕ ಹೇಳಲಿಲ್ಲ, ಅವ್ವಾರ?"

"ಕೊಟ್ಟ ಹೆಣ್ಣು ಅತ್ತಿ ಮನಿ ಲೆಕ್ಕಕ್ಕ ಅಂತ ಬಿಟ್ವಿರಿ."

"ಅಲ್ಲಿ ನಿಮ್ಮ ಬೀಗರು, ಬಾಣಂತನಕ್ಕ ತವರಿಗೆ ಹೋಗ್ಯಾಳ ಅಂತ ಲೆಕ್ಕದಾಗ ಬಿಟ್ಟಿದ್ರು. ನಡುವ ಆಕಿ ಗಾಳ್ಯಾಗ ತೇಲಾಕತ್ತಿದ್ಲೇನು?"

ಯಂಕವ್ವ ನಕ್ಕರು. "ಲಗೂ ಆಂಬುಲೆನ್ಸ್ ಕಳಿಸಿದ್ರಿ, ತಾಯಿ-ಕೂಸು ಛಲೋ ಅದಾರ. ನಾಳೆ ತೊಟ್ಟಿಲಕ್ಕ ಹಾಕತೇವಿ, ಬರ್ರಿ."

"ಬರತೇನಿ. ಉಳಿದ ಶೆಡ್ಡಿನಾಗ ಹಿಂಗ ತವರಿಗೆ ಬಂದವರು ಯಾರರ ಅದಾರೇನು?"

"ಇದ್ರೂ ನಿಮ್ಮ ಮುಂದ ಅವರು ಹೇಳಂಗಿಲ್ಲರಿ. ನಡೀರಿ, ನಾ ಕೇಳತೇನಿ."

ಬಸ್ ಬಂದರೂ ಹತ್ತದೆ ಇಬ್ಬರೂ ಶೆಡ್ಡುಗಳ ಕಡೆ ನಡೆದರು.